ದೀಪದ ಋಣ

ಕೊಂಡದ್ದಕ್ಕೆ ಬೆಲೆ ಕೊಟ್ಟ ಮೇಲೆ ಋಣವೇನೂ ಉಳಿಯುವುದಿಲ್ಲವೆಂಬುದು ಪಟ್ಟಣಿಗರ ಗಟ್ಟಿಯಾದ ನಂಬಿಕೆ. ಅಂಗಡಿಯ ಲೆಕ್ಕದಲ್ಲಿ ಅದು ಸರಿ. ಬಾಳಿನ ಲೆಕ್ಕದಲ್ಲಿಯೂ ಸರಿಯೆ?

ಲಂಡನ್ನಿನಲ್ಲಿ ಥೇಮ್ಸ್ ನದಿಯ ದಡದ ಮೇಲೆ, ಬ್ಯಾಟರ್ಸಿ ಎಂಬಲ್ಲಿ, ಕಲ್ಲಿದ್ದಲಿನ ವಿದ್ಯುದಾಗಾರವೊಂದಿತ್ತು. 1933ರಲ್ಲಿ ಉರಿಯತೊಡಗಿದ ಅದರ ಒಲೆಗಳು 1983ರಲ್ಲಿ ಆರಿದವು. ಆದರೂ ಕಟ್ಟಡವನ್ನು ಕೆಡವದೆ ಉಳಿಸಿಕೊಂಡರು. ಶಿಥಿಲವಾದ ನಾಲ್ಕು ಚಿಮಣಿಗಳನ್ನು ಬಿಚ್ಚಿ ಮೊದಲಿದ್ದಂತೆಯೇ ಮತ್ತೆ ಕಟ್ಟಿದರು. 2022ರಿಂದ ಅಲ್ಲಿ ಅಂಗಡಿಗಳ ಬೀಡು. ಹೊಗೆ ಕುಡಿದವರೂ ಬೆಳಕು ಪಡೆದವರೂ ಒಂದೇ ಊರಿನವರು. ಅದನ್ನು ಮರೆಯುವುದು ಅವರಿಗೆ ಸುಲಭವಾಗಿರಲಾರದು.

ನಮ್ಮ ಜಯನಗರದ ಮಾಳಿಗೆಯ ಮೇಲೆ ನಿಂತು ನೋಡಿದರೆ ಅಂಥ ಚಿಮಣಿ ಒಂದೂ ಕಾಣದು. 1905ರಲ್ಲಿ ಬೆಂಗಳೂರಿಗೆ ಬೆಳಕು ಬಂದದ್ದು ಶಿವನಸಮುದ್ರದ ನೀರಿನಿಂದ. ವಿದ್ಯುತ್ತೆಂದರೆ ಜಲಪಾತದ ಕೂಸೆಂಬ ಭಾವನೆ ನಮ್ಮಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ಆದರೆ 1985ರಿಂದ ರಾಯಚೂರಿನ ಶಕ್ತಿನಗರದಲ್ಲಿ, ಕೃಷ್ಣೆಯ ದಡದಲ್ಲಿ, ಕಲ್ಲಿದ್ದಲು ಉರಿಯುತ್ತಿದೆ. ಎಂಟು ಘಟಕಗಳು, ಒಟ್ಟು 1720 ಮೆಗಾವಾಟ್. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರರಲ್ಲೊಂದು ಪಾಲಿನಷ್ಟು ಬೂದಿಯೇ. ಬೆಳಕು ತಂತಿ ಹಿಡಿದು ನಾಡಿಗೆಲ್ಲ ಹರಿಯುತ್ತದೆ. ಬೂದಿಯಲ್ಲಿ ಒಂದಿಷ್ಟು ಸಿಮೆಂಟಿಗೆ ಹೋದೀತು. ಉಳಿದದ್ದು ಅಲ್ಲಿಯ ನೆಲಕ್ಕೆ, ಅಲ್ಲಿಯ ಗಾಳಿಗೆ.

ತಿಂಗಳು ತಿಂಗಳೂ ಬಿಲ್ಲು ಕಟ್ಟುತ್ತೇವಲ್ಲ, ಎನ್ನಬಹುದು. ಬಿಲ್ಲು ತೀರಿಸುವುದು ಕಲ್ಲಿದ್ದಲಿನ ಬೆಲೆಯನ್ನು, ಕೆಲಸಗಾರರ ಸಂಬಳವನ್ನು. ಮಾರಾಟಕ್ಕಿಟ್ಟ ವಸ್ತುವಿಗೆ ಮಾತ್ರ ಬೆಲೆಯುಂಟು. ಯಾರೂ ಮಾರದ ಉಸಿರು ನಮ್ಮ ಸಲುವಾಗಿ ಸವೆದಿದ್ದರೆ ಅದು ಬೆಲೆಯಲ್ಲಿ ಸೇರಿಲ್ಲ, ಅದು ಋಣ. ಅಲ್ಲಿಯವರಿಗೂ ಕೆಲಸ ಸಿಕ್ಕಿತಲ್ಲವೆ ಎಂದರೆ, ನಿಜ. ಆದರೆ ಸಂಬಳ ಎಣಿಸಿಕೊಂಡ ಕೈಯೂ ಧೂಳು ಕುಡಿದ ಎದೆಯೂ ಯಾವಾಗಲೂ ಒಬ್ಬನವೇ ಆಗಿರುವುದಿಲ್ಲ.

ಹಾಗೆಂದು ದೀಪವಾರಿಸಿ ಕತ್ತಲಲ್ಲಿ ಕೂರಬೇಕೆ? ಬೇಡ. ಋಣವೆಂದರೆ ಪಾಪವಲ್ಲ, ತಾಯಿಯ ಋಣದಲ್ಲಿರುವವನು ಪಾಪಿಯೆ? ಆದರೆ ಋಣವನ್ನು ಒಪ್ಪಿದವನಿಗೆ ತೀರಿಸುವ ದಿನ ಬಂದಾಗ ಮುಖ ತಿರುಗಿಸುವ ಹಕ್ಕಿಲ್ಲ. ದೆಹಲಿಯ ಬದರ್‌ಪುರದ ಸ್ಥಾವರ 2018ರಲ್ಲಿ ಮುಚ್ಚಿತು. ಶಕ್ತಿನಗರದ ಮೊದಲ ಘಟಕಕ್ಕೂ ನಲವತ್ತು ತುಂಬಿದೆ. ಅದು ಆರುವ ದಿನವೂ ಬಂದೇ ಬರುತ್ತದೆ. ಅಂದು ಚಿಮಣಿಯನ್ನು ಉಳಿಸಿಕೊಂಡು ಚಂದ ನೋಡುವುದು ಕಷ್ಟವಲ್ಲ. ಇಟ್ಟಿಗೆಗೆ ತೋರುವ ಕೃತಜ್ಞತೆ ಅಗ್ಗದ್ದು. ಬೂದಿ ತುಂಬಿದ ನೆಲವನ್ನು ಹಸನುಮಾಡಬೇಕು. ಕೆಲಸ ಕಳೆದುಕೊಂಡವನ ಮನೆಯ ಒಲೆ ಆರದಂತೆ ನೋಡಬೇಕು. ಅದಕ್ಕಾಗಿ ನಮ್ಮ ಬಿಲ್ಲಿನಲ್ಲಿ ನಾಲ್ಕು ಕಾಸು ಏರಿದರೆ ಗೊಣಗದೆ ಕೊಟ್ಟೇವೆ? ನಾವು ಎಂಥ ಸಾಲಗಾರರೆಂಬುದು ಅಂದು ಗೊತ್ತಾಗುತ್ತದೆ.