ಬೆಟ್ಟದಿಂದ ಬೆಟ್ಟಕ್ಕೆ ತಗ್ಗಿನ ದಾರಿ



ಇಂಗ್ಲೆಂಡ್ ದೇಶದ ಯಾರ್ಕ್‌ಷೈರ್ ಸೀಮೆಯಲ್ಲಿ ಪೆನ್‌ಇಗೆಂಟ್, ವರ್ನ್‌ಸೈಡ್, ಇಂಗಲ್‌ಬರೊ ಎಂಬ ಮೂರು ಬೆಟ್ಟಗಳುಂಟು. 1887ನೆಯ ಇಸವಿಯಲ್ಲಿ ಗಿಗಲ್ಸ್‌ವಿಕ್ ಪಾಠಶಾಲೆಯ ಇಬ್ಬರು ಉಪಾಧ್ಯಾಯರು ಈ ಮೂರನ್ನೂ ಒಂದೇ ದಿನದಲ್ಲಿ, ಸುಮಾರು 10 ತಾಸುಗಳಲ್ಲಿ, ಹತ್ತಿ ಇಳಿದರು. ಅಂದಿನಿಂದ ಅನೇಕರು ಹಾಗೆ ನಡೆಯುತ್ತ ಬಂದಿದ್ದಾರೆ. ಸುತ್ತಿನ ದಾರಿಯು ಸುಮಾರು 24 ಮೈಲು. 12 ತಾಸುಗಳೊಳಗೆ ಹೊರಟ ಸ್ಥಳಕ್ಕೆ ಹಿಂದಿರುಗಬೇಕೆಂಬುದು ವಾಡಿಕೆ.

ಇದರಲ್ಲಿ ಒಂದು ಸಂಗತಿಯನ್ನು ಗಮನಿಸಿರಿ. ಮೂರರಲ್ಲಿ ಎತ್ತರವಾದ ವರ್ನ್‌ಸೈಡ್ 2,415 ಅಡಿ ಮಾತ್ರ. ಆದರೆ ನಡೆಯುವವನು ಆ ದಿನ ಹತ್ತುವ ಏರುಗಳನ್ನೆಲ್ಲಾ ಕೂಡಿಸಿದರೆ ಸುಮಾರು 5,200 ಅಡಿಯಾಗುತ್ತದೆ. ಯಾಕಂದರೆ ಶಿಖರದಿಂದ ಶಿಖರಕ್ಕೆ ಸೇತುವೆಯಿಲ್ಲ. ಕಷ್ಟಪಟ್ಟು ಪಡೆದ ಎತ್ತರವನ್ನು ಬಿಟ್ಟು, ತಗ್ಗಿಗೆ ಇಳಿದು, ತಿರಿಗಿ ಬುಡದಿಂದ ಹತ್ತಬೇಕು. ಹೀಗೆ ಇಳಿದವನು ದಾರಿತಪ್ಪಿದವನಲ್ಲ. ಆ ಇಳಿತವೇ ಮುಂದಿನ ಬೆಟ್ಟಕ್ಕೆ ದಾರಿ.

ನಮ್ಮ ಜೀವಿತವೂ ಹೀಗೆಯೇ ಅದೆ. ದೀಕ್ಷಾಸ್ನಾನದ ದಿನದಲ್ಲಿಯೂ ಸುಗ್ಗಿಯ ಸ್ತೋತ್ರಾರಾಧನೆಯಲ್ಲಿಯೂ ನಾವು ಶಿಖರದ ಮೇಲಿರುತ್ತೇವೆ. ಬಳಿಕ ಮಳೆ ತಪ್ಪುತ್ತದೆ. ಸಾಲ ಕೊಟ್ಟವನು ಬಾಗಿಲಿಗೆ ಬರುತ್ತಾನೆ. ಒಡಹುಟ್ಟಿದವರು ಮನೆಯ ಮದುವೆಗೂ ಕರೆಯುವುದಿಲ್ಲ. ಆಗ ಪ್ರಾರ್ಥನೆಗೆ ಮಾತು ಹೊರಡದು. ದೇವರು ನಮ್ಮನ್ನು ಕೈಬಿಟ್ಟನೋ ಎಂದು ಮನಸ್ಸು ಕುಗ್ಗುತ್ತದೆ.

ಪ್ರವಾದಿಯಾದ ಎಲೀಯನನ್ನು ನೆನೆಯಿರಿ (1 ಅರಸು. 18, 19). ಕರ್ಮೆಲ್ ಬೆಟ್ಟದಲ್ಲಿ ಅವನು ಪ್ರಾರ್ಥಿಸಲಾಗಿ ಯೆಹೋವನ ಬೆಂಕಿಯು ಬಿತ್ತು. ಆದರೆ ಈಜೆಬೆಲಳ ಬೆದರಿಕೆಯನ್ನು ಕೇಳಿದ ಕೂಡಲೆ ಅದೇ ಎಲೀಯನು ಅಡವಿಗೆ ಓಡಿಹೋಗಿ, ಗಿಡದ ಕೆಳಗೆ ಕೂತುಕೊಂಡು ಮರಣವನ್ನು ಬೇಡಿದನು. ದೇವರು ಅಲ್ಲಿ ಅವನನ್ನು ಗದರಿಸಲಿಲ್ಲ. ದೂತನು ಅವನನ್ನು ತಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ಕೊಟ್ಟನು. ಎರಡನೆಯ ಸಾರಿಯೂ ಬಂದು ಉಣ್ಣಿಸಿದನು. ಆ ಆಹಾರದ ಬಲದಿಂದ ಅವನು 40 ದಿನ ಹಗಲಿರುಳು ನಡೆದು ದೇವರ ಬೆಟ್ಟವಾದ ಹೋರೇಬನ್ನು ಸೇರಿದನು. ಕರ್ಮೆಲಿನ ಮೇಲೆ ಉತ್ತರಕೊಟ್ಟ ದೇವರೇ ಅಡವಿಯಲ್ಲಿಯೂ ಅವನ ಸಂಗಡ ಇದ್ದನು.

ಆದುದರಿಂದ ಪ್ರಿಯರೇ, ಕೆಲವು ವಾರಗಳಿಂದ ಆರಾಧನೆಗೆ ಬಾರದ ಸಹೋದರನನ್ನು ಕುರಿತು, ಅವನು ಬಿದ್ದುಹೋದನೆಂದು ನಾವು ತೀರ್ಪುಮಾಡದೆ ಇರೋಣ. ಅವನೂ ಗಿಡದ ಕೆಳಗೆ ಕೂತಿರಬಹುದು. ಮೊದಲು ಅವನ ಮನೆಗೆ ರೊಟ್ಟಿಯನ್ನು ಒಯ್ಯೋಣ; ಅವನ ಹೊಲದಲ್ಲಿ ಒಂದು ದಿನ ಕೂಡಿ ದುಡಿಯೋಣ; ಬುದ್ಧಿಮಾತು ಆಮೇಲಾಗಲಿ. ನಾವು ಹೇಳಿದ ಆ ಬೆಟ್ಟಗಳಲ್ಲಿ, ಅನೇಕರ ಹೆಜ್ಜೆಗಳಿಂದ ಸವೆದು ಕೆಸರಾದ ಕಡೆಗಳಲ್ಲಿ ಚಪ್ಪಡಿಕಲ್ಲುಗಳನ್ನು ಹಾಸಿದ್ದಾರೆ. ಹಿಂದೆ ಬರುವವರ ಕಾಲು ಅಲ್ಲಿ ಹೂಳುವುದಿಲ್ಲ. ನಾವು ದಾಟಿಬಂದ ಕೆಸರಿನಲ್ಲಿ ನಾವೂ ಒಂದೊಂದು ಕಲ್ಲನ್ನಾದರೂ ಹಾಸೋಣ.

ಈ ಹೊತ್ತು ತಗ್ಗಿನಲ್ಲಿರುವವನೇ, ಉಣ್ಣು, ಏಳು, ನಡೆ. ನಿನ್ನ ಬೆಟ್ಟವು ಮುಂದೆ ಇದೆ. ಕರ್ತನು ನಮ್ಮೆಲ್ಲರ ಕಾಲುಗಳನ್ನು ಸ್ಥಿರಪಡಿಸಲಿ. ಆಮೆನ್.