ರಜೆ ಅರ್ಜಿಯಲ್ಲಿ ಬರೆಯಲಾಗದ ಕಾಯಿಲೆ

ಸರ್ಕಾರಿ ಕಚೇರಿಯಾಗಲಿ, ಬ್ಯಾಂಕಾಗಲಿ, ಶಾಲೆಯಾಗಲಿ, ಅಲ್ಲಿನ ರಜೆ ಅರ್ಜಿಗಳ ಫೈಲನ್ನು ತೆರೆದು ನೋಡಿದರೆ ನಮ್ಮ ಜನರಿಗೆ ಬರುವ ಕಾಯಿಲೆಗಳು ನಾಲ್ಕೈದೇ ಇರಬೇಕು ಎನಿಸುತ್ತದೆ. ಜ್ವರ, ಹೊಟ್ಟೆನೋವು, ಸೊಂಟನೋವು, ಬಿಪಿ, ಟೈಫಾಯಿಡ್. ‘ಹದಿನೈದು ದಿನಗಳಿಂದ ನಿದ್ದೆ ಬರುತ್ತಿಲ್ಲ, ಬೆಳಿಗ್ಗೆ ಹಾಸಿಗೆ ಬಿಟ್ಟು ಏಳಲಾಗುತ್ತಿಲ್ಲ, ಫೈಲು ಕಂಡರೆ ಎದೆ ನಡುಗುತ್ತದೆ, ಮನೋವೈದ್ಯರು ವಿಶ್ರಾಂತಿ ಬೇಕೆಂದಿದ್ದಾರೆ’ ಎಂದು ಬರೆದ ಅರ್ಜಿ ಸಿಗುವುದು ಅಪರೂಪ. ಅಂಥವರು ಇಲ್ಲವೆಂದಲ್ಲ. ಅವರೂ ರಜೆ ಹಾಕುತ್ತಾರೆ. ಆದರೆ ಜ್ವರವೆಂದು ಬರೆಯುತ್ತಾರೆ.

ಹೀಗೆ ಬರೆದವರು ಸುಳ್ಳು ಹೇಳಿದಂತಾಯಿತೇ? ಶಾಲೆಯ ನೀತಿಪಾಠದಂತೆ ನೋಡಿದರೆ ಹೌದು. ಇಲ್ಲದ ಜ್ವರವನ್ನು ಇದೆ ಎಂದದ್ದು ಸುಳ್ಳೇ. ಆದರೆ ಸುಳ್ಳಿನಲ್ಲಿಯೂ ಎರಡು ಬಗೆ ಉಂಟು. ಇನ್ನೊಬ್ಬರ ಪಾಲನ್ನು ಕಸಿಯಲು ಹೇಳುವುದು ಒಂದು. ತನ್ನ ಪಾಲಿನದನ್ನು ಉಳಿಸಿಕೊಳ್ಳಲು ಬೇರೆ ದಾರಿ ಕಾಣದೆ ಹೇಳುವುದು ಇನ್ನೊಂದು. ಇಲ್ಲಿ ಕಾಯಿಲೆ ನಿಜ, ರಜೆಯ ಹಕ್ಕೂ ನಿಜ. ಸುಳ್ಳಾಗಿರುವುದು ಕಾಯಿಲೆಯ ಹೆಸರು ಮಾತ್ರ. ನಿಜವಾದ ಹೆಸರು ಬರೆದರೆ ರಜೆ ಸಿಗಬಹುದು, ಆದರೆ ಮರಳಿ ಬಂದಾಗ ಮೊದಲಿನ ಮರ್ಯಾದೆ ಸಿಗಲಾರದು ಎಂಬುದು ಬರೆಯುವವರಿಗೆ ಗೊತ್ತು. ಹಾಗಾದರೆ ಈ ಮೌನದ ಹೊಣೆ ಯಾರದು? ಹೇಳದೆ ಉಳಿದವರದೋ, ಹೇಳಲು ಬಿಡದವರದೋ? ನಾವೆಲ್ಲರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಮೊದಲು ನಮ್ಮ ಮಾತನ್ನೇ ನೋಡೋಣ. ಉರ್ದು ಗಜಲಿನಲ್ಲಿ ‘ದೀವಾನಾ’ ಎನ್ನುವುದು ಪ್ರೇಮಿಗೆ ಸಲ್ಲುವ ಬಿರುದು. ಕನ್ನಡದ ಭಕ್ತಿಕಾವ್ಯದಲ್ಲಿಯೂ ದೇವರಿಗೆ ಮರುಳಾಗುವುದು ಹಿರಿಮೆಯ ಸಂಗತಿ. ಕಾವ್ಯದಲ್ಲಿ ಇಷ್ಟು ಗೌರವ ಕೊಟ್ಟ ನಾವು ಬದುಕಿನಲ್ಲಿ ಮಾತ್ರ ಬೇರೆಯದೇ ಭಾಷೆ ಆಡುತ್ತೇವೆ. ಮನೆಯಲ್ಲಿ ‘ದಿಮಾಗ್ ಖರಾಬ್’, ಕಚೇರಿಯಲ್ಲಿ ‘ತಲೆ ಕೆಟ್ಟಿದೆಯೇನ್ರೀ?’ ಬೆಂಗಳೂರಿನ ಕಡೆ ಯಾರಾದರೂ ಸ್ವಲ್ಪ ವಿಚಿತ್ರವಾಗಿ ನಡೆದುಕೊಂಡರೆ ‘ಇವನನ್ನು ನಿಮ್ಹಾನ್ಸಿಗೆ ಸೇರಿಸಬೇಕು’ ಎನ್ನುತ್ತಾರೆ. ಉತ್ತರ ಕರ್ನಾಟಕದಲ್ಲಿ ಅದೇ ಮಾತು ‘ಧಾರವಾಡಕ್ಕ ಕಳಸಬೇಕು ನೋಡ್ರಿ’ ಎಂದಾಗುತ್ತದೆ. 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಈ ದೇಶದಲ್ಲಿ ಮನಸ್ಸಿನ ಮತ್ತು ನರಗಳ ಚಿಕಿತ್ಸೆಗೆ ಹೆಸರಾದ ಸಂಸ್ಥೆ. ಜಯದೇವ ಆಸ್ಪತ್ರೆಯಲ್ಲಿದ್ದು ಬಂದ ಸಹೋದ್ಯೋಗಿಯನ್ನು ಹಣ್ಣು ಹಿಡಿದುಕೊಂಡು ನೋಡಲು ಹೋಗುತ್ತೇವೆ. ಕಿದ್ವಾಯಿಗೆ ಹೋದವರಿಗಾಗಿ ಕಣ್ಣು ಒದ್ದೆ ಮಾಡಿಕೊಳ್ಳುತ್ತೇವೆ. ಒಂದು ಆಸ್ಪತ್ರೆಯ ಹೆಸರು ಮಾತ್ರ ನಮ್ಮಲ್ಲಿ ಬೈಗುಳವಾಗಿದೆ. ಮಧ್ಯಾಹ್ನ ಚಹಾ ಕುಡಿಯುವಾಗ ಹಾರಿಬರುವ ಇಂಥ ಒಂದು ತಮಾಷೆ, ಪಕ್ಕದ ಮೇಜಿನಲ್ಲಿ ಗುಟ್ಟಾಗಿ ಮಾತ್ರೆ ನುಂಗುವವರ ಬಾಯಿಯನ್ನು ವರ್ಷಗಟ್ಟಲೆ ಮುಚ್ಚಿಸಬಲ್ಲದು.

ಅಂಥವರು ಎಷ್ಟು ಮಂದಿ ಇದ್ದಾರು? ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಕಾಯಿಲೆಯ ಬಗೆಯನ್ನು ನೋಡಿಕೊಂಡು ಹೇಳುವುದಾದರೆ ಅವರಲ್ಲಿ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಅಂದರೆ ಸರಿಸುಮಾರು ಹತ್ತು ಜನರಲ್ಲಿ ಒಬ್ಬರು. ಹಾಜರಿ ಪುಸ್ತಕದಲ್ಲಿ ಸಹಿ ಮಾಡುವವರ ನಡುವೆಯೇ ಅವರು ಇದ್ದಾರೆ. ಖಿನ್ನತೆ ಮತ್ತು ಆತಂಕದಿಂದಾಗಿ ಜಗತ್ತಿನಲ್ಲಿ ಪ್ರತಿವರ್ಷ 1,200 ಕೋಟಿ ದುಡಿಮೆಯ ದಿನಗಳು ನಷ್ಟವಾಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜು ಹೇಳಿತು. ಮಾಲೀಕರಿಗೆ ತಟ್ಟುವುದು ಈ ಲೆಕ್ಕ. ಆದರೆ ನಷ್ಟವನ್ನು ದಿನಗಳಲ್ಲಿ ಎಣಿಸುವಾಗ ಆ ದಿನಗಳನ್ನು ಕಳೆದ ಮನುಷ್ಯನು ಲೆಕ್ಕದಿಂದ ಜಾರಿಹೋಗುವ ಅಪಾಯವೂ ಇದೆ.

ಒಬ್ಬ ಪ್ರೌಢಶಾಲೆಯ ಮೇಷ್ಟ್ರು ಎಂದಿಟ್ಟುಕೊಳ್ಳೋಣ. ಇಪ್ಪತ್ತು ವರ್ಷ ಗಣಿತ ಕಲಿಸಿದವರು. ಖಿನ್ನತೆಗೆ ಒಂದು ತಿಂಗಳು ಚಿಕಿತ್ಸೆ ಪಡೆದು, ಗುಣವಾಗಿ, ನಿಜವನ್ನೇ ಬರೆದ ಸರ್ಟಿಫಿಕೇಟಿನೊಂದಿಗೆ ಶಾಲೆಗೆ ಮರಳುತ್ತಾರೆ. ಯಾರೂ ಅವರನ್ನು ಬೈಯುವುದಿಲ್ಲ. ‘ಸಾರ್, ನಿಮಗ್ಯಾಕೆ ಹತ್ತನೇ ಕ್ಲಾಸಿನ ತಲೆನೋವು? ಈ ವರ್ಷ ಎಂಟನೆಯದನ್ನೇ ತಗೊಳ್ಳಿ’ ಎನ್ನುತ್ತಾರೆ ಹೆಡ್‌ಮಾಸ್ಟರು, ಪ್ರೀತಿಯಿಂದಲೇ. ಪರೀಕ್ಷೆಯ ಕೆಲಸದ ಪಟ್ಟಿಯಲ್ಲಿ ಅವರ ಹೆಸರು ಇರುವುದಿಲ್ಲ. ಸ್ಟಾಫ್ ರೂಮಿನಲ್ಲಿ ಅವರು ದನಿ ಎತ್ತಿ ವಾದಿಸಿದರೆ ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಮೊದಲು ಸಿಟ್ಟಾಗಿದ್ದದ್ದು ಈಗ ರೋಗದ ಲಕ್ಷಣವಾಗುತ್ತದೆ. ಮಗಳ ಸಂಬಂಧ ಹುಡುಕುವಾಗ ಈ ಸುದ್ದಿ ಅವರಿಗಿಂತ ಮೊದಲೇ ಬೀಗರ ಮನೆ ತಲುಪಿರುತ್ತದೆ. ಇಷ್ಟೂ ಜನರಲ್ಲಿ ಕೆಟ್ಟವರೆನ್ನುವವರು ಒಬ್ಬರೂ ಇಲ್ಲ. ಕಳಂಕವೆಂಬುದು ಹೆಚ್ಚಾಗಿ ಕೆಲಸ ಮಾಡುವುದು ಹೀಗೆಯೇ. ಅದು ಕಲ್ಲು ಎಸೆಯುವುದಿಲ್ಲ. ಅನುಕಂಪದ ಹೆಸರಿನಲ್ಲಿ ಮನುಷ್ಯನನ್ನು ಅವನ ಜಾಗದಿಂದ ಸ್ವಲ್ಪ ಸ್ವಲ್ಪವಾಗಿ ಸರಿಸುತ್ತದೆ. ಇದನ್ನು ಕಣ್ಣಾರೆ ಕಂಡ ಇನ್ನೊಬ್ಬ ಮೇಷ್ಟ್ರು ತಮ್ಮ ಸರದಿ ಬಂದಾಗ ‘ಜ್ವರ’ ಎಂದು ಬರೆದರೆ ಅವರನ್ನು ಯಾವ ನ್ಯಾಯದಿಂದ ಆಕ್ಷೇಪಿಸುವುದು?

ಇಲ್ಲಿ ಓದುಗರು ಒಂದು ಪ್ರಶ್ನೆ ಎತ್ತಬಹುದು. ಗಣಿತದ ಮೇಷ್ಟ್ರ ವಿಷಯ ಬೇರೆ, ಬಸ್ಸು ಓಡಿಸುವವರ, ವಿಮಾನ ಹಾರಿಸುವವರ, ಬಂದೂಕು ಹಿಡಿಯುವವರ ವಿಷಯವೇ ಬೇರೆಯಲ್ಲವೇ? ಅವರ ಕೈಯಲ್ಲಿ ಬೇರೆಯವರ ಪ್ರಾಣವಿದೆ. ಅವರು ಮುಚ್ಚಿಡಬಹುದೇ? ಪ್ರಶ್ನೆ ನ್ಯಾಯವಾದದ್ದು. ಮಾನಸಿಕ ತೊಂದರೆಯುಳ್ಳ ಬಹುಪಾಲು ಜನರಿಂದ ಇನ್ನೊಬ್ಬರಿಗೆ ಅಪಾಯವಿಲ್ಲ ಎಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಇದಕ್ಕೆ ಉತ್ತರ ಹುಡುಕಬೇಕು.

2015ರ ಮಾರ್ಚ್ 24ರಂದು ಜರ್ಮನ್‌ವಿಂಗ್ಸ್ ಸಂಸ್ಥೆಯ ವಿಮಾನವನ್ನು ಅದರ ಸಹಚಾಲಕನೇ ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳಿಗೆ ಅಪ್ಪಳಿಸಿದ. ವಿಮಾನದಲ್ಲಿದ್ದ 150 ಜನರೂ ಸತ್ತರು. ಕೆಲಸಕ್ಕೆ ಹೋಗಬಾರದೆಂದು ವೈದ್ಯರು ಬರೆದುಕೊಟ್ಟ ಚೀಟಿಗಳು ಅವನ ಮನೆಯಲ್ಲಿ ಹರಿದುಹಾಕಿದ ಸ್ಥಿತಿಯಲ್ಲಿ ಸಿಕ್ಕವು. ಅಷ್ಟು ಜೀವಗಳನ್ನು ತೆಗೆದದ್ದಕ್ಕೆ ಕಾಯಿಲೆ ಸಮರ್ಥನೆಯಾಗಲಾರದು. ಆದರೆ ತನಿಖೆ ನಡೆಸಿದ ಫ್ರಾನ್ಸಿನ ಸಂಸ್ಥೆ 2016ರ ತನ್ನ ವರದಿಯಲ್ಲಿ ‘ಕಾಯಿಲೆಯವರನ್ನು ಹುಡುಕಿ ಹೊರಹಾಕಿ’ ಎಂದಷ್ಟೇ ಹೇಳಿ ಸುಮ್ಮನಾಗಲಿಲ್ಲ. ಪರವಾನಗಿ ಹೋದರೆ ಬದುಕೇ ಹೋಯಿತು ಎಂಬ ಭಯ ಚಾಲಕರ ಬಾಯಿ ಕಟ್ಟುತ್ತದೆ, ಆದ್ದರಿಂದ ಆ ನಷ್ಟದ ಭಾರವನ್ನು ತಗ್ಗಿಸಬೇಕು, ಚಾಲಕರು ತಮ್ಮವರೊಂದಿಗೇ ಹೇಳಿಕೊಳ್ಳುವಂಥ ವ್ಯವಸ್ಥೆ ಬೇಕು ಎಂದೂ ಸಲಹೆ ಮಾಡಿತು. ಇದರ ತರ್ಕ ಸರಳ. ಹೇಳಿದವರನ್ನು ಶಿಕ್ಷಿಸುವ ಕಡೆ ಯಾರೂ ಹೇಳುವುದಿಲ್ಲ. ಯಾರೂ ಹೇಳದ ಕಡೆ ಪ್ರಯಾಣಿಕರಿಗೂ ರಕ್ಷಣೆಯಿಲ್ಲ. ಇತರರ ಪ್ರಾಣ ಕೈಯಲ್ಲಿರುವವರಿಗೆ ಹೇಳುವ ಕರ್ತವ್ಯ ಖಂಡಿತ ಇದೆ. ಆದರೆ ಆ ಕರ್ತವ್ಯವನ್ನು ವಿಧಿಸುವವರು ಹೇಳಿದವರ ಅನ್ನಕ್ಕೆ ಮೊದಲು ಜವಾಬು ಕೊಡಬೇಕು.

ಇದು ಕೇವಲ ಆದರ್ಶದ ಮಾತಲ್ಲ ಎಂಬುದಕ್ಕೆ ನಮ್ಮ ದೇಶದಲ್ಲಿಯೇ ಸಾಕ್ಷಿ ಇದೆ. ಸಿಆರ್‌ಪಿಎಫ್‌ನ ಅಧಿಕಾರಿಯೊಬ್ಬರು ಗೀಳು ಮತ್ತು ಖಿನ್ನತೆಯ ಕಾಯಿಲೆಗೆ 2009ರಿಂದ ಚಿಕಿತ್ಸೆಯಲ್ಲಿದ್ದರು. ಅವರ ಮೇಲೆ ಇಲಾಖೆ ಶಿಸ್ತುಕ್ರಮದ ವಿಚಾರಣೆ ಹೂಡಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 2021ರ ಡಿಸೆಂಬರ್ 17ರಂದು ಬಂದ ತೀರ್ಪಿನಲ್ಲಿ ನ್ಯಾಯಾಲಯವು, ಮಾನಸಿಕ ಅಸಾಮರ್ಥ್ಯವುಳ್ಳ ವ್ಯಕ್ತಿಯ ಮೇಲೆ ಹೀಗೆ ಶಿಸ್ತುಕ್ರಮ ಹೂಡುವುದು ಪರೋಕ್ಷ ತಾರತಮ್ಯದ ಒಂದು ರೂಪ ಎಂದಿತು. ಈಗಿನ ಹುದ್ದೆಗೆ ಅವರು ತಕ್ಕವರಲ್ಲ ಎಂದು ಕಂಡುಬಂದರೆ ಬೇರೆ ಹುದ್ದೆ ಕೊಡಿ, ಸಂಬಳ ಸವಲತ್ತು ಕಡಿಮೆ ಮಾಡಬೇಡಿ, ಆ ಹುದ್ದೆಯಲ್ಲಿ ಬಂದೂಕು ಇರದಂತೆ ನೋಡಿಕೊಳ್ಳಲು ನೀವು ಸ್ವತಂತ್ರರು ಎಂದು ಇಲಾಖೆಗೆ ಹೇಳಿತು. ಬಂದೂಕನ್ನು ದೂರ ಇಡುವುದು ಬೇರೆ, ಮನುಷ್ಯನನ್ನು ದೂರ ತಳ್ಳುವುದು ಬೇರೆ. ಎರಡೂ ಒಂದೇ ಎಂದುಕೊಳ್ಳುವುದರಲ್ಲಿಯೇ ನಮ್ಮ ಅರ್ಧ ಅನ್ಯಾಯ ಅಡಗಿದೆ.

ಆ ತೀರ್ಪಿನ ಹಿಂದೆ ಇದ್ದದ್ದು 2016ರ ಅಂಗವಿಕಲರ ಹಕ್ಕುಗಳ ಕಾಯಿದೆ. ಸೇವೆಯಲ್ಲಿರುವಾಗ ಅಸಾಮರ್ಥ್ಯ ಬಂದರೆ ಸರ್ಕಾರಿ ಸಂಸ್ಥೆಯು ನೌಕರರನ್ನು ತೆಗೆಯುವಂತಿಲ್ಲ, ಅವರ ದರ್ಜೆಯನ್ನು ಇಳಿಸುವಂತಿಲ್ಲ ಎನ್ನುತ್ತದೆ ಅದು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ಚಿಕಿತ್ಸೆಯ ವಿವರವನ್ನು ಗುಟ್ಟಾಗಿ ಇಡುವ ಹಕ್ಕನ್ನು ರೋಗಿಗೆ ಕೊಟ್ಟಿದೆ. ದೇಹದ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕೆಂದಿದೆ. ಒಬ್ಬರಿಗೆ ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೆ ಅವರ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ತೀರ್ಮಾನಿಸಕೂಡದು ಎಂದೂ ಹೇಳಿದೆ. ಒಳ್ಳೆಯ ಕಾನೂನುಗಳು. ಆದರೆ ಸ್ಟಾಫ್ ರೂಮಿನಲ್ಲಿ ಮುಖ ಮುಖ ನೋಡಿಕೊಳ್ಳುವುದನ್ನು ಯಾವ ಕಾನೂನು ತಡೆದೀತು? ಕಾನೂನು ಕೆಲಸವನ್ನು ಉಳಿಸಬಲ್ಲದು. ಮರ್ಯಾದೆಯನ್ನು ಉಳಿಸಬೇಕಾದವರು ಜೊತೆಯಲ್ಲಿ ಕೆಲಸ ಮಾಡುವವರು.

ಇನ್ನೊಂದು ಮಾತನ್ನೂ ಇಲ್ಲಿ ಆಡಬೇಕು. ಈಚೆಗೆ ದೊಡ್ಡ ಕಂಪೆನಿಗಳಲ್ಲಿ ನೌಕರರ ಮನಸ್ಸಿನ ಆರೋಗ್ಯದ ಬಗ್ಗೆ ಬಹಳ ಮಾತು ಕೇಳಿಬರುತ್ತಿದೆ. ಆಪ್ತಸಲಹೆಗಾರರನ್ನು ನೇಮಿಸುತ್ತಾರೆ, ಧ್ಯಾನ ಹೇಳಿಕೊಡುತ್ತಾರೆ, ಗೋಡೆಗೆ ಪೋಸ್ಟರ್ ಅಂಟಿಸುತ್ತಾರೆ. ಬೇಡವೆನ್ನುವುದಿಲ್ಲ. ಆದರೆ 2024ರ ಜುಲೈಯಲ್ಲಿ ಇದೇ ಕರ್ನಾಟಕದಲ್ಲಿ ಐಟಿ ನೌಕರರ ದುಡಿಮೆಯನ್ನು ದಿನಕ್ಕೆ 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾಪ ಸರ್ಕಾರದ ಮುಂದೆ ಬಂದಿತ್ತು. ನೌಕರರ ಸಂಘಟನೆ ಅದನ್ನು ಬಲವಾಗಿ ವಿರೋಧಿಸಿತು. ಹದಿನಾಲ್ಕು ಗಂಟೆ ದುಡಿಸಿ ಹದಿನೈದನೆಯ ಗಂಟೆಯಲ್ಲಿ ಧ್ಯಾನ ಕಲಿಸುವುದು ಯಾವ ಸೀಮೆಯ ಕಾಳಜಿ? ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ದುಡಿಯುವವರಿಗೆ ಸಮಾಧಾನ ಹೇಳುವುದರ ಜೊತೆಗೆ ದುಡಿಮೆಯ ರೀತಿಯನ್ನೇ ತಿದ್ದಬೇಕು, ಮೇಲಧಿಕಾರಿಗಳಿಗೂ ಈ ಬಗ್ಗೆ ತರಬೇತಿ ಕೊಡಬೇಕು ಎಂದಿರುವುದು ಇದಕ್ಕೇ. ಕಾಯಿಲೆ ನೌಕರರ ಮನಸ್ಸಿನಲ್ಲಿದೆ ಎನ್ನುವುದು ಸುಲಭ. ಅದರ ಒಂದು ಬೇರು ಕೆಲಸದ ವೇಳಾಪಟ್ಟಿಯಲ್ಲಿದೆ ಎಂದು ಒಪ್ಪುವುದು ಕಷ್ಟ.

ರಜೆ ಅರ್ಜಿಯಲ್ಲಿ ಸುಳ್ಳು ಬರೆಯುವ ಅನುಕೂಲವೂ ಇಲ್ಲದವರ ಸಂಖ್ಯೆ ಇನ್ನೂ ದೊಡ್ಡದು. ಕರಾವಳಿಯಲ್ಲಿ ಮನೆಯಲ್ಲಿಯೇ ಕುಳಿತು ಬೀಡಿ ಕಟ್ಟುವ ಹೆಂಗಸಿಗೆ ಕಚೇರಿ ಎಂಬುದೇ ಇಲ್ಲ. ಬ್ರಾಂಚಿನಿಂದ ಎಲೆ, ತಂಬಾಕು ತಂದು ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದಲ್ಲಿ ದುಡಿಯುವವಳು ಆಕೆ. ಮನಸ್ಸು ಕುಸಿದು ವಾರಗಟ್ಟಲೆ ಕೈ ಓಡದಿದ್ದರೆ ಆ ವಾರಗಳ ಮಜೂರಿ ಹೋಯಿತು, ಅಷ್ಟೆ. ‘ಸೋಮಾರಿತನ’ ಎನ್ನುತ್ತಾರೆ ಮನೆಯವರು. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ ಮುಟ್ಟದ ಹುಡುಗಿ ಸೂಪರ್‌ವೈಸರನ ಬೈಗುಳ ಕೇಳುತ್ತಾಳೆ. ಅವಳ ಕೈ ಏಕೆ ನಿಧಾನವಾಯಿತು ಎಂದು ಯಾರೂ ಕೇಳುವುದಿಲ್ಲ. 2022ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿ ದಿನಗೂಲಿಯವರು ಎನ್ನುತ್ತವೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಅಂಕಿಗಳು. ಕಂಪೆನಿಯ ಪೋಸ್ಟರುಗಳು ಇವರವರೆಗೆ ಬಂದಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಎಂಬ ಸರ್ಕಾರದ ಉಚಿತ ಸಹಾಯವಾಣಿ, ಅಂದರೆ 14416, ಇವರಿಗೆ ಎಟಕುವಂಥದ್ದು. ಯಾರಿಂದ ಯಾರಿಗೆ ಎಂಬ ಭಯವಿಲ್ಲದೆ ಕನ್ನಡದಲ್ಲಿಯೇ ಮಾತಾಡಬಹುದು. ಅದನ್ನು ಬೀಡಿ ಬ್ರಾಂಚಿನ ಗೋಡೆಯ ಮೇಲೆ ಬರೆಸಲು ದೊಡ್ಡ ಖರ್ಚೇನೂ ಇಲ್ಲ.

‘ಧೈರ್ಯವಾಗಿ ಹೇಳಿಕೊಳ್ಳಿ’ ಎಂಬ ಉಪದೇಶವನ್ನು ನಾವು ಸ್ವಲ್ಪ ಕಾಲ ನಿಲ್ಲಿಸಿದರೆ ಒಳ್ಳೆಯದು. ನೋಯುತ್ತಿರುವವರಿಂದಲೇ ಧೈರ್ಯ ಕೇಳುವುದು ನ್ಯಾಯವಲ್ಲ. ಧೈರ್ಯ ತೋರಿಸಬೇಕಾದವರು ಕೇಳಿಸಿಕೊಳ್ಳುವವರು. ಚಹಾ ಹೊತ್ತಿನ ತಮಾಷೆ ಹಾರಿಬಂದಾಗ ನಗದೆ ಇರುವ ಧೈರ್ಯ, ಕಿವಿಗೆ ಬಿದ್ದ ಗುಟ್ಟನ್ನು ಮುಂದೆ ದಾಟಿಸದ ಧೈರ್ಯ, ಚಿಕಿತ್ಸೆ ಮುಗಿಸಿ ಬಂದವರನ್ನು ಕೇಳಿ ತಿಳಿದು ಅವರಿಗೆ ಅವರದೇ ಹತ್ತನೇ ತರಗತಿಯನ್ನು ಮರಳಿ ಕೊಡುವ ಧೈರ್ಯ. ಇವಿಷ್ಟೂ ನಮ್ಮ ಕಡೆಯಿಂದ ಆಗಲಿ. ಆಮೇಲೆ ಅವರು ಹೇಳಿದರೆ ಕೇಳೋಣ. ಹೇಳದಿದ್ದರೆ, ಅದು ಅವರ ಸ್ವಂತ ವಿಷಯವೆಂದು ಗೌರವಿಸಿ, ‘ಬನ್ನಿ, ಚಹಾ ತಣ್ಣಗಾಗುತ್ತೆ’ ಎಂದು ಕರೆಯೋಣ.