ಸುಳ್ಳು ಹೇಳದ ಕೆಸರು, ಕಾಣದ ತೊಗರಿ

ಸುಳ್ಳು ಹೇಳದಿದ್ದರೆ ಸಾಕಾ? ಪ್ರಾಮಾಣಿಕತೆ ಅಂದರೆ ಅಷ್ಟೇನಾ?

ಈ ಪ್ರಶ್ನೆಗೆ ದೊಡ್ಡವರು ಬರೆದ ಪುಸ್ತಕಗಳಲ್ಲಿ ಬೇಕಾದಷ್ಟು ಉತ್ತರಗಳಿವೆ. ಇವತ್ತು ಅದನ್ನೆಲ್ಲ ಬದಿಗಿಟ್ಟು ನದಿಯ ಕೆಸರನ್ನು ಕೇಳಿ ನೋಡೋಣ ಅನ್ನಿಸಿದೆ.

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನಲ್ಲಿ ಸೊನ್ನ ಅಂತ ಒಂದು ಊರಿದೆ. ಭೀಮಾ ನದಿಗೆ ಅಲ್ಲೊಂದು ಬ್ಯಾರೇಜ್ ಇದೆ. ಭೀಮಾ ಏತ ನೀರಾವರಿ ಯೋಜನೆಯದ್ದು. ಮಳೆಗಾಲದಲ್ಲಿ ‘ಸೊನ್ನ ಬ್ಯಾರೇಜಿನಿಂದ ಇಷ್ಟು ಲಕ್ಷ ಕ್ಯೂಸೆಕ್ ನೀರು ಬಿಡುಗಡೆ’ ಅಂತ ಟೀವಿಯ ಕೆಳಗಡೆ ಪಟ್ಟಿ ಓಡುತ್ತಲ್ಲ, ಬೆಂಗಳೂರಿನಲ್ಲಿರುವ ನಮ್ಮಂಥವರಿಗೆ ಈ ಊರಿನ ಪರಿಚಯ ಆಗೋದು ಆಗ ಮಾತ್ರ. ಉಳಿದ ದಿನಗಳಲ್ಲಿ ಅಲ್ಲಿ ಸುದ್ದಿಯಾಗದ ಕೆಲಸವೊಂದು ನಡೆಯುತ್ತಿರುತ್ತೆ. ಗೇಟು ಹಾಕಿದಾಗ ನೀರು ನಿಲ್ಲುತ್ತೆ. ನೀರು ನಿಂತರೆ ಅದರಲ್ಲಿದ್ದ ಹೂಳು ತಳಕ್ಕೆ ಇಳಿಯುತ್ತೆ. ಹೂಳಿನ ಜೊತೆ ಹೂವಿನ ಪರಾಗವೂ ಇಳಿಯುತ್ತೆ.

ಪರಾಗದ ಕಣ ಎಷ್ಟು ಚಿಕ್ಕದು ಅಂದರೆ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಸಣ್ಣದು. ಆದರೆ ಅದರ ಹೊರಗೋಡೆ ಮಹಾ ಗಟ್ಟಿ. ಸ್ಪೋರೋಪೊಲೆನಿನ್ ಅನ್ನುವ ವಸ್ತುವಿನಿಂದ ಆದದ್ದು. ಕಲ್ಲನ್ನೇ ಕರಗಿಸುವ ಹೈಡ್ರೋಫ್ಲೋರಿಕ್ ಆಮ್ಲಕ್ಕೂ ಅದು ಜಗ್ಗೋದಿಲ್ಲ. ಪ್ರಯೋಗಾಲಯದಲ್ಲಿ ಇದನ್ನೇ ಉಪಾಯ ಮಾಡಿಕೊಂಡಿದ್ದಾರೆ: ಮಣ್ಣನ್ನೋ ಕಲ್ಲನ್ನೋ ಆಮ್ಲದಲ್ಲಿ ಕರಗಿಸಿಬಿಡಿ, ಕೊನೆಗೆ ಉಳಿಯುವುದರಲ್ಲಿ ಪರಾಗ ಇರುತ್ತೆ. ಗಾಳಿ ಸೋಕದ ಜಾಗದಲ್ಲಿ ಹೂತುಹೋದರೆ ಅದು ಕೋಟ್ಯಂತರ ವರ್ಷ ಕೆಡದೆ ಉಳಿಯಬಲ್ಲದು. 1916ರಲ್ಲಿ ಲೆನಾರ್ಟ್ ವಾನ್ ಪೋಸ್ಟ್ ಅನ್ನುವ ಸ್ವೀಡನ್ ವಿಜ್ಞಾನಿ, ಇಂದು ಓಸ್ಲೋ ಅಂತ ಕರೆಯುವ ಊರಿನಲ್ಲಿ ಒಂದು ಭಾಷಣ ಮಾಡಿದ. ಕೆಸರಿನ ಪ್ರತಿ ಪದರದಲ್ಲಿ ಯಾವ ಗಿಡದ ಪರಾಗ ಶೇಕಡಾ ಎಷ್ಟಿದೆ ಅಂತ ಎಣಿಸಿದರೆ ಹಳೆಯ ಕಾಡುಗಳ ಚರಿತ್ರೆಯನ್ನು ಓದಬಹುದು ಅಂತ ತೋರಿಸಿದ. ಅಲ್ಲಿಂದ ಮುಂದೆ ಕೆಸರು ಅಂದರೆ ಬರೀ ಕೆಸರಾಗಿ ಉಳಿಯಲಿಲ್ಲ, ಕಡತವಾಯಿತು.

ನನಗೆ ಈ ಕಡತ ಇಷ್ಟ ಆಗೋದಕ್ಕೆ ಕಾರಣ ಇದೆ. ಇದೇ ಭೀಮೆಯ ದಡದಲ್ಲಿ, ಸೊನ್ನದಿಂದ ಕೆಳಗೆ, ಸನ್ನತಿ ಇದೆ. ಅಲ್ಲಿ ಅಶೋಕನ ಶಾಸನ ಸಿಕ್ಕಿದೆ. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಉಬ್ಬುಶಿಲ್ಪವೂ ಇದೆ, ‘ರಾಯೋ ಅಸೋಕೋ’ ಅಂತ ಹೆಸರಿನ ಸಮೇತ. ಶಾಸನ ಅನ್ನೋದು ಯಾರೋ ಬೇಕು ಅಂತಲೇ ಹೇಳಿದ ಮಾತು. ಹೇಳುವವನಿಗೆ ತಾನು ಹೇಗೆ ಕಾಣಬೇಕು ಅನ್ನೋ ಲೆಕ್ಕ ಇದ್ದೇ ಇರುತ್ತೆ. ಪರಾಗಕ್ಕೆ ಆ ಲೆಕ್ಕ ಇಲ್ಲ. ಅದಕ್ಕೆ ಯಾರ ಮುಲಾಜೂ ಇಲ್ಲ, ಸಂಬಳವೂ ಇಲ್ಲ. ಬಿತ್ತು, ಉಳೀತು, ಅಷ್ಟೇ. ಇದಕ್ಕಿಂತ ಪ್ರಾಮಾಣಿಕ ಸಾಕ್ಷಿ ಎಲ್ಲಿ ಸಿಗುತ್ತೆ?

ಸರಿ, ಹಾಗಾದರೆ ಒಂದು ಊಹೆ ಮಾಡೋಣ. ಇವತ್ತಿಗೆ ಐದು ಸಾವಿರ ವರ್ಷ ಆದ ಮೇಲೆ ಯಾರೋ ಒಬ್ಬಳು ಸೊನ್ನದ ಹತ್ತಿರ ಒಣಗಿದ ನದಿಪಾತ್ರದಲ್ಲಿ ಕೊಳವೆ ಇಳಿಸಿ ನಮ್ಮ ಕಾಲದ ಕೆಸರನ್ನು ಮೇಲಕ್ಕೆ ಎತ್ತುತ್ತಾಳೆ ಅಂದುಕೊಳ್ಳಿ. ನಮ್ಮ ಇತರ ದಾಖಲೆಗಳೆಲ್ಲ ಹೋಗಿವೆ. ಕಾಗದ ಇಲ್ಲ, ಸರ್ವರ್ ಇಲ್ಲ. ಪ್ರವಾಹದಲ್ಲಿ ಗೇಟು ತೆಗೆದಾಗ ಕಡತದ ಕೆಲವು ಪುಟ ಕೊಚ್ಚಿಹೋಗಿರುತ್ತವೆ ಬಿಡಿ, ಉಳಿದ ಪುಟಗಳಲ್ಲಿ ಏನು ಕಾಣುತ್ತೆ?

ಮೊದಲು ಹುಲ್ಲು. ಹುಲ್ಲಿನ ಜಾತಿಯವೆಲ್ಲ ಗಾಳಿಗೆ ಪರಾಗ ತೂರುತ್ತವೆ, ರಾಶಿ ರಾಶಿ. ಜೋಳವೂ ಹುಲ್ಲಿನ ಕುಟುಂಬದ್ದೇ, ಕಬ್ಬೂ ಅದೇ ಕುಟುಂಬದ್ದು. ತೊಂದರೆ ಏನಂದರೆ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಈ ಕುಟುಂಬದವರೆಲ್ಲ ಹೆಚ್ಚು ಕಮ್ಮಿ ಒಂದೇ ಥರ ಕಾಣುತ್ತಾರೆ: ಒಂದು ಗುಂಡು, ಅದರಲ್ಲಿ ಒಂದೇ ಒಂದು ರಂಧ್ರ. ಗಾತ್ರ ನೋಡಿ ಇದು ಬೆಳೆ ಇರಬಹುದು, ಅದು ಕಾಡುಹುಲ್ಲು ಇರಬಹುದು ಅಂತ ಅಂದಾಜು ಮಾಡಬಹುದು, ಅಷ್ಟೇ. ಸಾಲದ್ದಕ್ಕೆ ಕಬ್ಬನ್ನು ಸಾಮಾನ್ಯವಾಗಿ ಹೂ ಬಿಡುವ ಮೊದಲೇ ಕಡಿದು ಕಾರ್ಖಾನೆಗೆ ಸಾಗಿಸುತ್ತಾರೆ. ಮಳೆ ನಂಬಿ ಬಿಳಿಜೋಳ ಬೆಳೀತಿದ್ದ ಹೊಲಕ್ಕೆ ನದಿನೀರು ಬಂದು ಅದು ಕಬ್ಬಿನ ಗದ್ದೆ ಆದರೆ ಒಂದು ಊರಿನ ಊಟ, ಸಾಲ, ಕೂಲಿ, ಮದುವೆಯ ಮಾತುಕತೆ ಎಲ್ಲ ಬದಲಾಗುತ್ತೆ. ಕೆಸರು ಮಾತ್ರ ‘ಹುಲ್ಲು ಇತ್ತು’ ಅಂತ ಬರೆದುಕೊಂಡು ಸುಮ್ಮನಾಗುತ್ತೆ.

ಆಮೇಲೆ ಕಾಂಗ್ರೆಸ್ ಹುಲ್ಲು, ಅಂದರೆ ಪಾರ್ಥೇನಿಯಂ. ಹೆಸರಲ್ಲಿ ಹುಲ್ಲು ಅಂತಿದ್ದರೂ ಇದು ಸೂರ್ಯಕಾಂತಿಯ ಕುಟುಂಬದ ಗಿಡ. ಅಮೆರಿಕ ಖಂಡದಿಂದ ಬಂದ ಈ ಕಳೆ ಭಾರತದಲ್ಲಿ ಎಲ್ಲರ ಗಮನಕ್ಕೆ ಬಂದದ್ದು 1950ರ ದಶಕದಲ್ಲಿ, ಪುಣೆಯಲ್ಲಿ. ಪುಣೆಯ ಮುಳಾ-ಮುಠಾ ನೀರು ಕೊನೆಗೆ ಸೇರುವುದೂ ಭೀಮೆಯನ್ನೇ. ಇದರ ಪರಾಗ ಗಾಳಿಯಲ್ಲಿ ಎಷ್ಟು ತೇಲುತ್ತೆ ಅಂತ ಬೆಂಗಳೂರಿನ ಮೂಗುಗಳಿಗೆ ಬೇರೆ ಹೇಳಬೇಕಾಗಿಲ್ಲ. ನಮ್ಮ ಕಾಲದ ಕೆಸರಿನಲ್ಲಿ ಅದರ ಹಾಜರಿ ಜೋರಾಗಿಯೇ ಇರುತ್ತೆ.

ಈಗ ತೊಗರಿ. ಕಲಬುರಗಿಯನ್ನು ಕರೆಯೋದೇ ತೊಗರಿಯ ಕಣಜ ಅಂತ. ಅಲ್ಲಿನ ತೊಗರಿಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಕೂಡ ಸಿಕ್ಕಿದೆ. ದೀಪಾವಳಿ ಕಳೆದ ಮೇಲೆ ಆ ಕಡೆ ಹೋದರೆ ಕಣ್ಣು ಹಾಯಿಸಿದಷ್ಟೂ ಕಪ್ಪು ಮಣ್ಣಿನ ಮೇಲೆ ಹಳದಿ ಹೂ. ಆದರೆ ತೊಗರಿ ಗಾಳಿಯನ್ನು ನಂಬಿದ ಗಿಡ ಅಲ್ಲ. ಅದರ ಹೂವು ಬಹುಮಟ್ಟಿಗೆ ತನ್ನೊಳಗೇ ಪರಾಗಸ್ಪರ್ಶ ಮುಗಿಸಿಕೊಳ್ಳುತ್ತೆ, ಮಿಕ್ಕಿದ್ದನ್ನು ಜೇನುಹುಳ ನೋಡಿಕೊಳ್ಳುತ್ತೆ. ಪರಾಗ ಅಂಟಂಟು, ಹೂವು ಬಿಟ್ಟು ಹಾರೋದಿಲ್ಲ. ಹಾಗಾಗಿ ನದಿಯ ಕೆಸರಿಗೆ ಅದು ತಲುಪುವುದು ಅಪರೂಪ. ಹತ್ತಿಯದ್ದೂ ಸುಮಾರಾಗಿ ಇದೇ ಕಥೆ: ದೊಡ್ಡ, ಮುಳ್ಳುಮುಳ್ಳಿನ ಭಾರದ ಕಣ, ಗಾಳಿಗೆ ಏಳೋದಿಲ್ಲ.

ಅಂದರೆ ಐದು ಸಾವಿರ ವರ್ಷದ ನಂತರದ ಆ ಹೆಣ್ಣುಮಗಳು ತನ್ನ ವರದಿಯಲ್ಲಿ ಬರೆಯಬಹುದಾದದ್ದು: ‘ಇದೊಂದು ಹುಲ್ಲುಗಾವಲು. ಸೂರ್ಯಕಾಂತಿ ಕುಟುಂಬದ ಕಳೆ ಹೇರಳ.’ ಕಣಜ ಮಾಯ. ಯಾವ ಗಿಡ ಈ ಸೀಮೆಯ ತಟ್ಟೆಗೆ ಬೇಳೆ ಹಾಕಿತೋ, ಮಣ್ಣಿಗೆ ಸಾರಜನಕ ಕೊಟ್ಟಿತೋ ಅದರ ಹೆಸರೇ ಇಲ್ಲ. ಯಾವುದು ಹೊಲ ಹಾಳು ಮಾಡಿತೋ ಅದು ಪುಟ ತುಂಬ.

ಇಲ್ಲಿ ಯಾರು ಸುಳ್ಳು ಹೇಳಿದರು? ಯಾರೂ ಇಲ್ಲ. ಬಿದ್ದದ್ದನ್ನೆಲ್ಲ ಕೆಸರು ಜೋಪಾನ ಮಾಡಿದೆ. ಎಣಿಸಿದವಳು ಸರಿಯಾಗೇ ಎಣಿಸಿದ್ದಾಳೆ. ಪಾರ್ಥೇನಿಯಂ ಕೂಡ ಬಡಾಯಿ ಕೊಚ್ಚಿಕೊಂಡಿಲ್ಲ, ಅದರ ಬದುಕುವ ರೀತಿಯೇ ಹಾಗೆ. ಎಲ್ಲರೂ ಸತ್ಯವಂತರು, ಆದರೂ ತೊಗರಿಗೆ ಅನ್ಯಾಯ ಆಗಿದೆ. ಸತ್ಯ ಮತ್ತು ನ್ಯಾಯ ಒಂದೇ ದಾರಿಯಲ್ಲಿ ಹೋಗುತ್ತವೆ ಅಂತ ನಂಬಿದವರನ್ನು ತಡೆದು ನಿಲ್ಲಿಸಬೇಕಾದ ಜಾಗ ಇದು ಅಂತ ನನಗನ್ನಿಸುತ್ತೆ.

ಹಸಿ ಸುಳ್ಳಿನ ವಿಷಯ ಒಂದು ರೀತಿಯಲ್ಲಿ ಸುಲಭ. 1989ರಲ್ಲಿ ಆಸ್ಟ್ರೇಲಿಯಾದ ಜಾನ್ ಟ್ಯಾಲೆಂಟ್ ‘ನೇಚರ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದು ಗುಲ್ಲೆಬ್ಬಿಸಿದರು. ಭಾರತದ ಪ್ರಾಧ್ಯಾಪಕರೊಬ್ಬರು ಹಿಮಾಲಯದಲ್ಲಿ ಸಿಕ್ಕಿದ್ದು ಅಂತ ವರ್ಷಗಟ್ಟಲೆ ಪ್ರಕಟಿಸಿದ ಪಳೆಯುಳಿಕೆಗಳಲ್ಲಿ ಹಲವು ಹಿಮಾಲಯದವೇ ಅಲ್ಲ, ಅದರಲ್ಲಿದ್ದ ಕೋನೋಡಾಂಟ್ ಅನ್ನುವ ಹಲ್ಲಿನಾಕಾರದ ಸೂಕ್ಷ್ಮ ಪಳೆಯುಳಿಕೆಗಳು ನ್ಯೂಯಾರ್ಕ್ ರಾಜ್ಯದ ಒಂದು ಹಳ್ಳದವು ಅನ್ನೋದು ಆರೋಪ. ವಿಚಾರಣೆ ನಡೆದು ತಪ್ಪಿತಸ್ಥರೆಂದು ತೀರ್ಮಾನವೂ ಆಯಿತು. ಇಂಥ ಕೇಸಿನಲ್ಲಿ ಯಾರನ್ನು ಕೇಳಬೇಕು, ಏನು ಕೇಳಬೇಕು ಅಂತ ನಮಗೆ ಗೊತ್ತು. ತೊಗರಿಯ ಕೇಸಿನಲ್ಲಿ ಕಟಕಟೆಗೆ ಹತ್ತಿಸಲು ಯಾರೂ ಸಿಗೋದಿಲ್ಲ.

ಅಫಜಲಪುರ ಕಡೆಯ ಗೆಳೆಯನೊಬ್ಬನ ಜೊತೆ ಇದನ್ನೆಲ್ಲ ಮಾತಾಡುತ್ತಿದ್ದಾಗ ಅವನು ನಕ್ಕುಬಿಟ್ಟ. “ಐದು ಸಾವಿರ ವರ್ಷ ಯಾಕ ಕಾಯ್ತಿ? ನಮ್ಮೂರಿಗಿ ಬಾ. ಪಹಣ್ಯಾಗ ಹೆಸರ ಇಲ್ಲಂದ್ರ ನೀ ಹೊಲದಾಗ ಇದ್ದಿ ಅಂತ ಯಾರ್ ನಂಬ್ತಾರ?” ಅಂದ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಹೊಲ, ಮನೆ ಎಲ್ಲ ಮುಳುಗಿದ್ದು ನೆನಪಿರಬಹುದು. ಬೆಳೆ ಹಾನಿಯ ಪರಿಹಾರ ಹೋಗೋದು ಪಹಣಿಯಲ್ಲಿ ಯಾರ ಹೆಸರಿದೆಯೋ ಅವರ ಖಾತೆಗೆ. ಲಾವಣಿಗೆ ಹೊಲ ಹಿಡಿದು, ಸಾಲ ಮಾಡಿ ಬೀಜ ಗೊಬ್ಬರ ಹಾಕಿದವನ ಹೆಸರು ಅಲ್ಲಿರೋದಿಲ್ಲ. ಸುಗ್ಗಿಯ ಕೂಲಿ ನೆಚ್ಚಿಕೊಂಡಿದ್ದವಳದ್ದಂತೂ ಕೇಳೋದೇ ಬೇಡ. ಪಹಣಿ ಸುಳ್ಳು ದಾಖಲೆಯಾ? ಅಲ್ಲ. ಅದು ಹೊಲದ ಮಾಲೀಕ ಯಾರು ಅಂತ ಸರಿಯಾಗಿಯೇ ಹೇಳುತ್ತೆ. ನಷ್ಟ ಆದದ್ದು ಯಾರಿಗೆ ಅನ್ನೋ ಪ್ರಶ್ನೆಯನ್ನು ಅದರ ಮುಂದೆ ಇಟ್ಟವರು ನಾವು.

ನಮ್ಮ ಆಫೀಸುಗಳೂ ಇದಕ್ಕೆ ಹೊರತಲ್ಲ. ಟಿಕೆಟ್ ಎಷ್ಟು ಮುಚ್ಚಿದೆ, ಮೀಟಿಂಗಿನಲ್ಲಿ ಎಷ್ಟು ಮಾತಾಡಿದೆ, ಡ್ಯಾಶ್‌ಬೋರ್ಡಿನಲ್ಲಿ ಎಷ್ಟು ಹಸಿರು ಗೆರೆ. ಹೊಸಬರಿಗೆ ಕೂತು ಕಲಿಸಿದವರು, ಅನಾಹುತ ಆಗುವ ಮೊದಲೇ ತಪ್ಪು ಹಿಡಿದವರು ತೊಗರಿ ಜಾತಿ, ಅವರ ಪರಾಗ ಹಾರೋದಿಲ್ಲ. ಅಪ್ರೈಸಲ್ ಬರೆಯುವ ಮ್ಯಾನೇಜರ್ ಪ್ರಾಮಾಣಿಕನೇ ಇರಬಹುದು. ಅವನು ತಳದಲ್ಲಿ ಬಿದ್ದದ್ದನ್ನು ಎಣಿಸುತ್ತಿದ್ದಾನೆ.

ಪರಾಗ ವಿಜ್ಞಾನಿಗಳು ಈ ಸಮಸ್ಯೆಯನ್ನು ಮುಚ್ಚಿಡಲಿಲ್ಲ, ಅದಕ್ಕೆ ಅವರನ್ನು ಮೆಚ್ಚಬೇಕು. 1963ರಲ್ಲಿ ಮಾರ್ಗರೆಟ್ ಡೇವಿಸ್ ಅನ್ನುವ ಅಮೆರಿಕದ ವಿಜ್ಞಾನಿ ಇದಕ್ಕೊಂದು ಲೆಕ್ಕ ಮುಂದಿಟ್ಟರು. ಇವತ್ತಿನ ಕೊಳವೊಂದರ ಮೇಲ್ಪದರದ ಕೆಸರು ತಗೊಳ್ಳಿ, ಅದರಲ್ಲಿನ ಪರಾಗ ಎಣಿಸಿ. ಆಮೇಲೆ ಕೊಳ ಬಿಟ್ಟು ಹೊರಗೆ ಬನ್ನಿ, ಸುತ್ತಲಿನ ಕಾಡಿನಲ್ಲಿ ನಿಜವಾಗಿ ಯಾವ ಮರ ಎಷ್ಟಿದೆ ಅಂತ ಎಣಿಸಿ. ಎರಡನ್ನೂ ಹೋಲಿಸಿದರೆ ಯಾವ ಮರ ಕೆಸರಿನಲ್ಲಿ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತೆ, ಮೇಪಲ್‌ನಂಥ ಯಾವ ಮರ ಚಿಕ್ಕದಾಗಿ ಕಾಣುತ್ತೆ ಅಂತ ತಿಳಿಯುತ್ತೆ. ಆ ಅನುಪಾತದಿಂದ ಹಳೆಯ ಪದರಗಳನ್ನು ತಿದ್ದಿ ಓದಬಹುದು.

‘ಅಂಕಿಅಂಶ ತಿದ್ದೋದು ಅಂದರೆ ತಮಗೆ ಬೇಕಾದ ಹಾಗೆ ತಿರುಚೋದೇ ಅಲ್ವಾ’ ಅಂತ ನೀವು ಕೇಳಬಹುದು. ಈ ಅನುಮಾನ ಇರಬೇಕು. ನನ್ನ ಜಾತಿಯವರಿಗೆ ಅನ್ಯಾಯ ಆಗಿದೆ, ನನ್ನ ಟೀಮಿಗೆ ಅನ್ಯಾಯ ಆಗಿದೆ ಅಂತ ಯಾರು ಬೇಕಾದರೂ ತಕ್ಕಡಿಯ ಮೇಲೆ ಬೆರಳಿಡಬಹುದು. ಡೇವಿಸ್ ಮಾಡಿದ್ದು ಬೇರೆ. ತಿದ್ದುವ ಸಂಖ್ಯೆ ಅವರ ಮನಸ್ಸಿನಿಂದ ಬಂದದ್ದಲ್ಲ, ಹೊರಗೆ ನಡೆದು ಎಣಿಸಿದ್ದರಿಂದ ಬಂದದ್ದು. ಎಷ್ಟು ತಿದ್ದಿದ್ದೇನೆ, ಯಾಕೆ ಅಂತ ಅವರು ಬರೆದಿಟ್ಟರು, ಬೇರೆಯವರು ಪರೀಕ್ಷೆ ಮಾಡಬಹುದು. ತಿರುಚುವುದಕ್ಕೂ ತಿದ್ದುವುದಕ್ಕೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಇದು ಸಣ್ಣದಲ್ಲ. ದಾಖಲೆಯ ಓರೆಯನ್ನು ದಾಖಲೆಯೊಳಗೇ ಕೂತು ಸರಿಮಾಡಲು ಆಗೋದಿಲ್ಲ, ಎದ್ದು ಹೊರಗೆ ಹೋಗಬೇಕು.

ಆದರೂ ಒಂದು ಕಡೆ ಈ ಲೆಕ್ಕವೂ ಸೋಲುತ್ತೆ. ಕೆಸರಿನಲ್ಲಿ ತೊಗರಿಯ ಎರಡು ಕಣ ಇದ್ದರೆ ಗುಣಿಸಿ ದೊಡ್ಡದು ಮಾಡಬಹುದು. ಒಂದೂ ಇಲ್ಲದಿದ್ದರೆ? ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆ. ಊರು ಸೊನ್ನ, ಸಮಸ್ಯೆ ಸೊನ್ನೆ. ಪಹಣಿಯಲ್ಲಿ ಇಲ್ಲದ ಹೆಸರನ್ನು ಯಾವ ಸೂತ್ರವೂ ಹುಟ್ಟಿಸೋದಿಲ್ಲ. ಅಲ್ಲಿ ಬೇಕಾಗೋದು ಬೇರೆ ಸಾಕ್ಷಿ.

ಅಂಥ ಸಾಕ್ಷಿ ಸಿಕ್ಕಿದ್ದೂ ಉಂಟು, ನಮ್ಮ ಕರ್ನಾಟಕದಲ್ಲೇ. ಬಳ್ಳಾರಿ ಹತ್ತಿರದ ಸಂಗನಕಲ್ಲಿನಂಥ ನವಶಿಲಾಯುಗದ ನೆಲೆಗಳಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಲಂಡನ್ನಿನ ಡೋರಿಯನ್ ಫುಲ್ಲರ್ ಮತ್ತು ಜೊತೆಗಾರರು ಹಳೆಯ ಮಣ್ಣನ್ನು ನೀರಿಗೆ ಹಾಕಿ ಕಲಕಿದರು. ಮಣ್ಣು ಮುಳುಗಿತು, ಸಾವಿರಾರು ವರ್ಷದ ಹಿಂದೆ ಬೆಂಕಿಗೆ ಸಿಕ್ಕಿ ಕರಕಾಗಿದ್ದ ಕಾಳುಗಳು ತೇಲಿದವು. ಹುರುಳಿ, ಹೆಸರು, ಕೊರಲೆ. ಕೆರೆಯ ಕೆಸರಿಗೆ ತನ್ನ ಗುರುತು ಕಳಿಸದ ಬೇಳೆಕಾಳು ಅಡಿಗೆಯ ಬೆಂಕಿಯಲ್ಲಿ ಗುರುತು ಬಿಟ್ಟಿತ್ತು. ಅಡಿಗೆ ಮಾಡಿದವರು ಯಾರೋ, ಹೆಸರಿಲ್ಲ. ಅವರ ಕೈತಪ್ಪಿ ಬಿದ್ದ ನಾಲ್ಕು ಕಾಳು ಈಗ ದಕ್ಷಿಣ ಭಾರತದ ಕೃಷಿ ಚರಿತ್ರೆಯ ಮೊದಲ ಪುಟಗಳು.

ಇದರಿಂದ ನಾನು ತಿಳಿದುಕೊಂಡದ್ದು ಇಷ್ಟು. ಸುಳ್ಳು ಹೇಳದಿರುವುದು ಕೆಸರಿಗೆ ಸಾಕು. ಅದಕ್ಕೆ ಕಾಲಿಲ್ಲ, ಎದ್ದು ಹೋಗಿ ನೋಡಿ ಬರಲು ಆಗೋದಿಲ್ಲ. ಓದುವವರಿಗೆ ಕಾಲಿದೆ. ಹಾಗಾಗಿ ಓದುವವರ ಪ್ರಾಮಾಣಿಕತೆಗೆ ಇನ್ನೊಂದು ಹೊರೆ ಇದೆ: ಈ ಲೆಕ್ಕಕ್ಕೆ ಬರಲು ಯಾರಿಗೆ ಸುಲಭ, ಯಾರಿಗೆ ಕಷ್ಟ, ಯಾರಿಗೆ ಸಾಧ್ಯವೇ ಇಲ್ಲ ಅಂತ ಕೇಳೋದು. ಪರಿಹಾರದ ಪಟ್ಟಿ ಮಾಡುವ ಅಧಿಕಾರಿಗೂ, ಅದರ ಸಾಫ್ಟ್‌ವೇರ್ ಬರೆಯುವ ನಿಮಗೂ ಈ ಪ್ರಶ್ನೆ ಒಂದೇ. ಕಾಲಂ ಹೆಸರು ‘ಮಾಲೀಕ’ ಅಂತ ಟೈಪ್ ಮಾಡುವ ಹೊತ್ತಿಗೆ ಒಂದು ನಿಮಿಷ ನಿಂತು, ‘ಸಾಗುವಳಿ ಮಾಡಿದವರು’ ಅಂತ ಇನ್ನೊಂದು ಕಾಲಂ ಬೇಕಾ ಅಂತ ಕೇಳಿದರೂ ಆಯಿತು. ಅದನ್ನು ತುಂಬಿಸಲು ಯಾರಾದರೂ ಊರಿಗೆ ಹೋಗಬೇಕಾಗುತ್ತೆ. ಖರ್ಚಿನ ಬಾಬತ್ತು ನಿಜ.

ಆದರೆ ಆ ಖರ್ಚು ಉಳಿಸಿದಾಗ ಏನು ಕಳೆದುಕೊಂಡೆವು ಅನ್ನೋದು ಲೆಕ್ಕದಲ್ಲಿ ಎಲ್ಲೂ ಕಾಣಿಸೋದಿಲ್ಲ. ಈ ವರ್ಷವೂ ಚಳಿ ಶುರುವಾದ ಮೇಲೆ ಭೀಮಾ ದಂಡೆಯ ಹೊಲಗಳಲ್ಲಿ ತೊಗರಿ ಹೂ ಬಿಡುತ್ತೆ, ಜೇನು ಬರುತ್ತೆ, ಕಾಯಿ ಕಟ್ಟುತ್ತೆ. ಸೊನ್ನದ ಹಿನ್ನೀರಿನ ತಳದಲ್ಲಿ ಆ ಬಗ್ಗೆ ಒಂದು ಸಾಲೂ ದಾಖಲಾಗೋದು ಕಷ್ಟ. ಬೇಳೆ ಮಾತ್ರ ನಮ್ಮ ನಿಮ್ಮ ಮನೆಯ ಕುಕ್ಕರಿಗೆ ಬರುತ್ತೆ.